ಬೇಸಿಗೆ ರಜೆಗೆ ಒಂದು ದೇಶವ್ರತ: ಹತ್ತಿರದ ಬಸದಿ, ಊರಿನ ಹಣ್ಣು, ಹಗಲಿನ ಬುತ್ತಿ

ಶಾಲೆಗಳಿಗೆ ಬೇಸಿಗೆ ರಜೆ ಆರಂಭವಾದೊಡನೆ ಮನೆಮನೆಯಲ್ಲೂ ಏಳುವ ಪ್ರಶ್ನೆ ಒಂದೇ: ಈ ಸಲ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ದೂರದ ಗಿರಿಧಾಮ, ಹೊರರಾಜ್ಯದ ಪ್ರವಾಸ ಎಂದು ಯೋಜನೆ ಹಾಕುವ ಜೈನ ಕುಟುಂಬಗಳಿಗೆ ಅದರ ಜೊತೆಯಲ್ಲೇ ಇನ್ನೊಂದು ಚಿಂತೆಯೂ ಬರುತ್ತದೆ. ರೈಲಿನಲ್ಲಿ ಕೊಡುವ ಊಟದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತದೆ. ತಂಗುವ ಜಾಗ ತಲುಪುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ಹಿರಿಯರು ನೀರನ್ನೂ ಮುಟ್ಟದೆ ಮಲಗುತ್ತಾರೆ, ಹಸಿದ ಮಕ್ಕಳಿಗಾಗಿ ನಿಯಮ ಸಡಿಲವಾಗುತ್ತದೆ. ‘ಪ್ರವಾಸದಲ್ಲಿ ಇದೆಲ್ಲ ಇದ್ದದ್ದೇ’ ಎಂಬ ಸಮಾಧಾನದ ಮಾತೂ ಬರುತ್ತದೆ.

ದೊಡ್ಡವರು ಇದನ್ನು ಎರಡು ದಿನದಲ್ಲಿ ಮರೆಯುತ್ತಾರೆ. ಮಕ್ಕಳು ಮಾತ್ರ ಅದರಿಂದ ಒಂದು ಪಾಠ ಕಲಿತಿರುತ್ತಾರೆ: ನಿಯಮ ಇರುವುದು ಮನೆಯಲ್ಲಿ, ಸಂತೋಷ ಇರುವುದು ಹೊರಗೆ. ಹತ್ತು ಹದಿನೈದು ರಜೆಗಳಲ್ಲಿ ಹೀಗೆಯೇ ನಡೆದರೆ ಆ ಮಗು ಬೆಳೆದು ದೊಡ್ಡದಾದಾಗ ಯಾವುದನ್ನು ಬಿಡುತ್ತದೆ, ಯಾವುದನ್ನು ಉಳಿಸಿಕೊಳ್ಳುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಇದಕ್ಕೆ ಪರಿಹಾರ ನಮ್ಮ ಶ್ರಾವಕಾಚಾರದಲ್ಲೇ ಇದೆ. ಅದಕ್ಕೆ ಹೆಚ್ಚು ಹಣ ಬೇಕಿಲ್ಲ, ದೂರ ಹೋಗಬೇಕಾಗಿಯೂ ಇಲ್ಲ.

ದೇಶವ್ರತ ಎಂದರೇನು?

ಶ್ರಾವಕರ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತ, ಮೂರು ಗುಣವ್ರತ, ನಾಲ್ಕು ಶಿಕ್ಷಾವ್ರತ. ಇವುಗಳಲ್ಲಿ ಎರಡು ವ್ರತಗಳು ಓಡಾಟಕ್ಕೆ ಸಂಬಂಧಿಸಿದವು. ಹತ್ತು ದಿಕ್ಕುಗಳಲ್ಲಿ ‘ಇಷ್ಟು ದೂರದ ಆಚೆಗೆ ಹೋಗುವುದಿಲ್ಲ’ ಎಂದು ಜೀವನಪರ್ಯಂತ ಗಡಿ ಹಾಕಿಕೊಳ್ಳುವುದು ದಿಗ್ವ್ರತ. ಆ ದೊಡ್ಡ ಗಡಿಯ ಒಳಗೆ, ನಿಗದಿತ ಕಾಲಕ್ಕೆ ಮಾತ್ರ, ಇನ್ನೂ ಚಿಕ್ಕ ಗಡಿ ಹಾಕಿಕೊಳ್ಳುವುದು ದೇಶವ್ರತ. ತತ್ತ್ವಾರ್ಥಸೂತ್ರದಲ್ಲಿ ಇದು ದಿಗ್ವ್ರತದ ಮುಂದೆಯೇ ಬರುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ವ್ರತಕ್ಕೆ ದೇಶಾವಕಾಶಿಕ ಎಂಬ ಹೆಸರಿದ್ದು, ಶಿಕ್ಷಾವ್ರತಗಳ ಸಾಲಿನಲ್ಲಿ ಸೇರಿದೆ.

ಗಡಿಯನ್ನು ಹೇಗೆ ಗುರುತಿಸಬೇಕು ಎಂಬುದನ್ನೂ ಸಮಂತಭದ್ರರು ಹೇಳಿದ್ದಾರೆ. ಮನೆ, ಹಳ್ಳಿ, ಹೊಲ, ನದಿ, ಕಾಡು, ಯೋಜನ ಇವುಗಳಲ್ಲಿ ಯಾವುದನ್ನಾದರೂ ಎಲ್ಲೆಯಾಗಿ ಇಟ್ಟುಕೊಳ್ಳಬಹುದು. ಕಾಲದ ಅಳತೆಯೂ ಹೀಗೆಯೇ: ವರ್ಷ, ಅಯನ, ಋತು, ತಿಂಗಳು, ಪಕ್ಷ. ಎಲ್ಲೆಯ ಆಚೆಗಿನ ಜೀವಿಗಳಿಗೆ ನಮ್ಮಿಂದ ಆ ಅವಧಿಯಲ್ಲಿ ಯಾವ ಹಿಂಸೆಯೂ ಆಗುವುದಿಲ್ಲ ಎಂಬುದು ಇದರ ಹಿಂದಿನ ಭಾವನೆ.

ಋತು ಎಂಬ ಅಳತೆ ಬೇಸಿಗೆ ರಜೆಗೆ ಸರಿಯಾಗಿ ಹೊಂದುತ್ತದೆ. ‘ಈ ರಜೆ ಮುಗಿಯುವವರೆಗೆ ನಮ್ಮ ಊರಿನಿಂದ ಐವತ್ತು ಕಿಲೋಮೀಟರ್ ಆಚೆಗೆ ಹೋಗುವುದಿಲ್ಲ’ ಎಂದು ಒಂದು ಕುಟುಂಬ ನಿರ್ಧರಿಸಬಹುದು. ಅಜ್ಜಿಯ ಊರಿಗೆ ಹೋದವರು ಆ ಊರನ್ನೇ ನಡುವೆ ಇಟ್ಟುಕೊಂಡು ಎಲ್ಲೆ ಹಾಕಬಹುದು. ವಿಧಿವತ್ತಾಗಿ ವ್ರತ ಸ್ವೀಕರಿಸುವುದಿದ್ದರೆ ಮುನಿಗಳ, ಮಾತಾಜಿಯವರ ಅಥವಾ ತಮ್ಮ ಮಠದ ಸ್ವಾಮೀಜಿಯವರ ಮಾರ್ಗದರ್ಶನ ಪಡೆಯುವುದು ಒಳ್ಳೆಯದು. ಹಾಗಿಲ್ಲದಿದ್ದರೂ ಮನೆಯವರೆಲ್ಲ ಕುಳಿತು ಮಾಡಿಕೊಂಡ ಒಂದು ಸಂಕಲ್ಪವಾಗಿ ಇದನ್ನು ಆರಂಭಿಸಬಹುದು. ನಕ್ಷೆಯ ಮೇಲೆ ಊರನ್ನು ಗುರುತಿಸಿ, ಸುತ್ತ ಒಂದು ವೃತ್ತ ಎಳೆಯುವ ಕೆಲಸವನ್ನು ಮಕ್ಕಳಿಗೇ ಕೊಡಬೇಕು. ಆ ವೃತ್ತದ ಒಳಗೆ ಇಷ್ಟು ದಿನ ನೋಡದೆ ಉಳಿದ ಬಸದಿ, ಬೆಟ್ಟ, ಕೆರೆ ಎಷ್ಟಿವೆ ಎಂದು ಎಣಿಸಿದಾಗ ಹಿರಿಯರೂ ಬೆರಗಾಗುತ್ತಾರೆ.

ಬೇಸಿಗೆಯ ಹಗಲಿನ ಲೆಕ್ಕ

ರಾತ್ರಿಭೋಜನ ತ್ಯಾಗದ ನಿಯಮ ಇರುವ ಮನೆಗಳಿಗೆ ವರ್ಷದಲ್ಲಿ ಅತ್ಯಂತ ಅನುಕೂಲವಾದ ಕಾಲ ಬೇಸಿಗೆಯೇ. ಬೆಂಗಳೂರಿನಲ್ಲಿ ಡಿಸೆಂಬರ್ ಕೊನೆಯ ಹಗಲು ಹನ್ನೊಂದೂವರೆ ಗಂಟೆಗಿಂತ ಸ್ವಲ್ಪ ಕಡಿಮೆ. ಮೇ ತಿಂಗಳ ನಡುವಿನ ಹಗಲು ಸುಮಾರು ಹನ್ನೆರಡು ಮುಕ್ಕಾಲು ಗಂಟೆ. ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಸೂರ್ಯೋದಯ ಬೆಳಿಗ್ಗೆ 6 ಗಂಟೆಗೆ ಐದಾರು ನಿಮಿಷ ಮುಂಚೆ, ಸೂರ್ಯಾಸ್ತ ಸಂಜೆ 6:35ರ ನಂತರ. ಮಂಗಳೂರು, ಕಲಬುರಗಿ ಕಡೆ ಸೂರ್ಯಾಸ್ತ 6:45ರ ಸುಮಾರಿಗೆ, ಬೆಳಗಾವಿಯಲ್ಲಿ ಇನ್ನೂ ಕೆಲವು ನಿಮಿಷ ತಡ.

ಸೂರ್ಯೋದಯದ ನಂತರ ಎರಡು ಘಳಿಗೆ, ಸೂರ್ಯಾಸ್ತಕ್ಕೆ ಮುಂಚಿನ ಎರಡು ಘಳಿಗೆ ಬಿಟ್ಟು ಆಹಾರ ಸ್ವೀಕರಿಸುವುದು ಶಾಸ್ತ್ರದ ಕ್ರಮ. ಎರಡು ಘಳಿಗೆ ಎಂದರೆ 48 ನಿಮಿಷ. ಅಂದರೆ ಬೆಂಗಳೂರಿನ ಕುಟುಂಬ ಮೇ ತಿಂಗಳಲ್ಲಿ ಸಂಜೆ 5:45ರ ಹೊತ್ತಿಗೆ ಊಟ ಮುಗಿಸಬೇಕು. ದೂರದ ಪ್ರವಾಸದಲ್ಲಿ ಇದು ಕಷ್ಟ. ಐವತ್ತು ಕಿಲೋಮೀಟರ್ ಒಳಗಿನ ತಿರುಗಾಟದಲ್ಲಿ ಸುಲಭ. ಬೆಳಿಗ್ಗೆ ಬೇಗ ಹೊರಟು, ಬಿಸಿಲು ಏರುವ ಮೊದಲು ಬೆಟ್ಟ ಹತ್ತಿ ಇಳಿದು, ಮಧ್ಯಾಹ್ನ ಮರದ ನೆರಳಿನಲ್ಲೋ ಕ್ಷೇತ್ರದ ಭೋಜನಶಾಲೆಯಲ್ಲೋ ಊಟ ಮಾಡಿ, ಸಂಜೆ ಐದಕ್ಕೆ ಮನೆಗೆ ಮರಳಿ ಬಿಸಿ ಅನ್ನ ಉಣ್ಣಬಹುದು.

ಬಿಸಿಲಿನ ವಿಷಯದಲ್ಲಿ ಎಚ್ಚರ ಬೇಕು. ಬಸದಿ ಇರುವ ಬೆಟ್ಟಗಳನ್ನು ಬರಿಗಾಲಿನಲ್ಲಿ ಹತ್ತಬೇಕು, ಹತ್ತು ಗಂಟೆಯ ನಂತರ ಬಂಡೆ ಕಾದು ಕಾಲು ಸುಡುತ್ತದೆ. ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ಕಾಲುಚೀಲ ತೊಟ್ಟು ಹತ್ತುವವರೇ ಬೇಸಿಗೆಯಲ್ಲಿ ಹೆಚ್ಚು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ನಂತರ ಗುಡುಗು ಸಿಡಿಲಿನ ಮಳೆ ಬರುವುದು ಸಾಮಾನ್ಯ. ಮೋಡ ಕಟ್ಟಿದಾಗ ಬೋಳುಬೆಟ್ಟದ ಮೇಲೆ ಇರಬಾರದು, ಒಂಟಿ ಮರದ ಕೆಳಗೂ ನಿಲ್ಲಬಾರದು.

ವೃತ್ತದ ಒಳಗೆ ಏನೇನಿದೆ?

ಕರ್ನಾಟಕದ ಯಾವ ಭಾಗದಲ್ಲಿ ವೃತ್ತ ಎಳೆದರೂ ಒಳಗೆ ಒಂದೆರಡು ಬಸದಿ ಸಿಗುತ್ತವೆ. ಕೆಲವನ್ನು ಮಾತ್ರ ಇಲ್ಲಿ ಹೆಸರಿಸಬಹುದು.

ಹಾಸನ, ಮಂಡ್ಯ, ತುಮಕೂರು, ಮೈಸೂರು ಕಡೆಯವರಿಗೆ ಶ್ರವಣಬೆಳಗೊಳ ಹೊಸದಲ್ಲ. ಆದರೆ ಆರು ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ಚಾವುಂಡರಾಯ ಸುಮಾರು 981ರಲ್ಲಿ ನಿಲ್ಲಿಸಿದ 58 ಅಡಿಯ ಗೊಮ್ಮಟೇಶ್ವರನ ದರ್ಶನ ಮಾಡಿ ಹಿಂತಿರುಗುವವರಲ್ಲಿ ಬಹಳ ಮಂದಿ ಎದುರಿನ ಚಿಕ್ಕಬೆಟ್ಟವನ್ನು ನೋಡಿರುವುದಿಲ್ಲ. ಅಲ್ಲಿ ಭದ್ರಬಾಹು ಗುಹೆ, ಚಂದ್ರಗುಪ್ತ ಬಸದಿ, ಚಾವುಂಡರಾಯ ಬಸದಿ ಇವೆ. ಬಂಡೆಯ ಮೇಲೆಯೇ ಕೊರೆದ ಹಳೆಯ ಶಾಸನಗಳು ಕಾಲಬುಡದಲ್ಲೇ ಕಾಣುತ್ತವೆ. ಶ್ರವಣಬೆಳಗೊಳ ಮತ್ತು ಸುತ್ತಮುತ್ತ ದೊರೆತ ಶಾಸನಗಳ ಸಂಖ್ಯೆ ಐನೂರಕ್ಕೂ ಹೆಚ್ಚು. ಹಳಗನ್ನಡ ಲಿಪಿಯಲ್ಲಿ ತಮಗೆ ಗೊತ್ತಾಗುವ ಒಂದೆರಡು ಅಕ್ಷರಗಳನ್ನು ಹುಡುಕುವುದು ಮಕ್ಕಳಿಗೆ ಒಳ್ಳೆಯ ಆಟ. ಚಿಕ್ಕಬೆಟ್ಟದ ಆಚೆಗಿನ ಜಿನನಾಥಪುರದಲ್ಲಿ ಹೊಯ್ಸಳರ ಕಾಲದ ಶಾಂತಿನಾಥ ಬಸದಿ ಇದೆ, ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಪಂಚಕೂಟ ಬಸದಿಯೂ ಎತ್ತರದ ಬ್ರಹ್ಮದೇವರ ಕಂಬವೂ ಇವೆ. ಎರಡೂ ಕಡೆ ಜನಸಂದಣಿ ಇಲ್ಲ. ಮೈಸೂರಿನವರಿಗೆ ಬಿಳಿಕೆರೆ ಸಮೀಪದ ಗೊಮ್ಮಟಗಿರಿ, ಚಾಮರಾಜನಗರದವರಿಗೆ ಮಲೆಯೂರಿನ ಕನಕಗಿರಿ, ತುಮಕೂರಿನವರಿಗೆ ಮಂದಾರಗಿರಿ ಅರ್ಧ ದಿನದ ದಾರಿ. ಮಂದಾರಗಿರಿಯ ಬುಡದಲ್ಲಿ ಮುನಿಗಳ ಪಿಂಛಿಯ ಆಕಾರದಲ್ಲೇ ಕಟ್ಟಿದ ಗುರುಮಂದಿರವನ್ನು ಮಕ್ಕಳು ದೂರದಿಂದಲೇ ಗುರುತಿಸುತ್ತಾರೆ.

ಕರಾವಳಿಯಲ್ಲಿ ಮೂಡುಬಿದಿರೆ, ಕಾರ್ಕಳ, ವೇಣೂರು ಒಂದಕ್ಕೊಂದು ಹತ್ತಿರ. ಕಾರ್ಕಳದ ಬಾಹುಬಲಿ 1432ರಲ್ಲಿ, ವೇಣೂರಿನದು 1604ರಲ್ಲಿ ಪ್ರತಿಷ್ಠಾಪನೆಯಾದವು. ಕಾರ್ಕಳದ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ಹೋದ ಬಾಗಿಲು ಯಾವುದು ಎಂದು ಮಕ್ಕಳಿಗೆ ಗೊಂದಲವಾಗುವುದೇ ಒಂದು ಮೋಜು. ಆದರೆ ಎಳೆಯರ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯುವುದು ವರಂಗ. ಕೆರೆಯ ನಡುವಿನ ಬಸದಿಗೆ ದೋಣಿಯಲ್ಲೇ ಹೋಗಬೇಕು. ಇನ್ನು ಮಲೆನಾಡಿನ ಹೊಸನಗರ ತಾಲ್ಲೂಕಿನ ಹೊಂಬುಜ ಕ್ಷೇತ್ರ ಶಿವಮೊಗ್ಗ ಜಿಲ್ಲೆಯವರಿಗೆ ಒಂದು ಹಗಲಿನ ಪಯಣ.

ಉತ್ತರ ಕರ್ನಾಟಕದಲ್ಲಿ ಬಿಸಿಲು ಹೆಚ್ಚು, ನೋಡುವುದೂ ಹೆಚ್ಚು. ಗದಗಿನಿಂದ ಸುಮಾರು 12 ಕಿ.ಮೀ. ದೂರದ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯವಿದೆ, ಅಲ್ಲಿಯ ಶಾಸನದ ಕಾಲ 1007. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ತಾಯಿ ಈಕೆ ಎಂದು ಆ ಕಲ್ಲುಗಳ ನಡುವೆ ನಿಂತು ಹೇಳಿದರೆ ಪಠ್ಯಪುಸ್ತಕದ ಹೆಸರಿಗೆ ಜೀವ ಬರುತ್ತದೆ. ಐಹೊಳೆಯ ಮೇಗುತಿ ಬಸದಿಯಲ್ಲಿ ರವಿಕೀರ್ತಿಯ 634ರ ಶಾಸನವಿದೆ. ಬಾದಾಮಿಯ ನಾಲ್ಕನೆಯ ಗುಹೆ ಜೈನ ಗುಹೆ. ಅಲ್ಲಿ ಕೋತಿಗಳ ಕಾಟವಿದ್ದು, ಬುತ್ತಿಯ ಚೀಲ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುವುದು ಬೇಡ. ಬೆಳಗಾವಿಯ ಕೋಟೆಯೊಳಗಿನ ಕಮಲಬಸದಿ, ಕಾಗಿಣಾ ನದಿಯ ದಂಡೆಯ ಮಳಖೇಡದ ನೇಮಿನಾಥ ಬಸದಿ ಆಯಾ ಭಾಗದವರಿಗೆ ಹತ್ತಿರ. ಮಳಖೇಡ ಅಮೋಘವರ್ಷ ನೃಪತುಂಗನ ರಾಜಧಾನಿ, ಕವಿರಾಜಮಾರ್ಗ ಹುಟ್ಟಿದ್ದು ಆತನ ಆಸ್ಥಾನದಲ್ಲಿ.

ಹೆಸರಿಲ್ಲದ ಬಸದಿಗಳು

ಹೀಗೆ ಪ್ರಸಿದ್ಧವಾದ ಕ್ಷೇತ್ರಗಳಿಗಿಂತ ಮುಖ್ಯವಾದದ್ದು ನಕ್ಷೆಯಲ್ಲಿ ಕಾಣದ ಊರಬಸದಿ. ಒಂದು ಕಾಲಕ್ಕೆ ಸುತ್ತ ಮೂವತ್ತು ನಲವತ್ತು ಜೈನ ಮನೆಗಳಿದ್ದ ಹಳ್ಳಿಯಲ್ಲಿ ಇಂದು ಎರಡು ಮೂರು ಮನೆ ಉಳಿದಿರುವುದುಂಟು. ಮಕ್ಕಳು ಓದಿಗೆ, ಕೆಲಸಕ್ಕೆ ನಗರ ಸೇರಿದ್ದಾರೆ. ದಿನವೂ ಬೆಳಿಗ್ಗೆ ಪುರೋಹಿತರು (ಕರಾವಳಿಯಲ್ಲಿ ಇಂದ್ರರು) ಬಾಗಿಲು ತೆರೆದು, ಅಭಿಷೇಕ ಮಾಡಿ, ಅರ್ಘ್ಯ ಅರ್ಪಿಸಿ, ಬಾಗಿಲು ಹಾಕಿ ಹೋಗುತ್ತಾರೆ. ಆ ಹೊತ್ತಿನಲ್ಲಿ ಎದುರಿಗೆ ಯಾರೂ ಇರುವುದಿಲ್ಲ.

ಇಂಥ ಬಸದಿಗೆ ನಾಲ್ಕು ಜನರ ಒಂದು ಕುಟುಂಬ ಹೋದರೂ ಅದು ಅಲ್ಲಿಯವರಿಗೆ ಹಬ್ಬ. ಹೋಗುವ ಮೊದಲು ಊರಿನ ಪರಿಚಿತರಿಗೆ ಫೋನ್ ಮಾಡಿ ಪೂಜೆಯ ಸಮಯ, ಬೀಗದ ಕೈ ಯಾರಲ್ಲಿದೆ ಎಂಬುದನ್ನು ಕೇಳಿಕೊಳ್ಳಬೇಕು. ಅಭಿಷೇಕಕ್ಕೆ ಹಾಲು, ಎಳನೀರು, ದೀಪಕ್ಕೆ ಎಣ್ಣೆ ಅಥವಾ ತುಪ್ಪ, ಪೂಜೆಗೆ ಅಕ್ಕಿ, ತೆಂಗಿನಕಾಯಿ ತೆಗೆದುಕೊಂಡು ಹೋದರೆ ಉಪಯೋಗಕ್ಕೆ ಬರುತ್ತದೆ. ಸ್ನಾನ ಮಾಡಿ ಮಡಿಯುಟ್ಟ ಮಕ್ಕಳಿಗೆ ಗಂಧ ತೇಯುವ, ಹೂವು ಜೋಡಿಸುವ, ಅಂಗಳ ಗುಡಿಸುವ ಕೆಲಸ ಸಿಗುತ್ತದೆ. ದೊಡ್ಡ ಕ್ಷೇತ್ರಗಳಲ್ಲಿ ಸಾಲಿನಲ್ಲಿ ನಿಂತು ಕೈಮುಗಿದು ಬರುವ ಮಗು ಇಲ್ಲಿ ಪೂಜೆಯಲ್ಲಿ ಪಾಲ್ಗೊಳ್ಳುತ್ತದೆ. ಮೂಲನಾಯಕರು ಯಾರು, ಲಾಂಛನ ಯಾವುದು, ಯಕ್ಷ ಯಕ್ಷಿಯರು ಯಾರು, ಬಸದಿ ಕಟ್ಟಿಸಿದವರು ಯಾರು ಎಂದು ಪುರೋಹಿತರನ್ನು ಕೇಳಿ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬಹುದು. ಎಷ್ಟೋ ಬಸದಿಗಳ ಇತಿಹಾಸ ಅಲ್ಲಿಯ ಒಬ್ಬಿಬ್ಬರು ಹಿರಿಯರ ನೆನಪಿನಲ್ಲಿ ಮಾತ್ರ ಉಳಿದಿದೆ.

ಬಾವಿಯ ನೀರಿನ ಪಾಠ

ಹಳ್ಳಿಯ ಬಸದಿಯ ಪಕ್ಕದಲ್ಲಿ ಸಾಮಾನ್ಯವಾಗಿ ಒಂದು ಬಾವಿ ಇರುತ್ತದೆ. ನಲ್ಲಿ ತಿರುಗಿಸಿಯೇ ಗೊತ್ತಿರುವ ಮಕ್ಕಳಿಗೆ ಹಗ್ಗ ಹಿಡಿದು ಕೊಡ ಸೇದುವುದೇ ದೊಡ್ಡ ಸಾಹಸ. ಹಿರಿಯರು ಜೊತೆಯಲ್ಲಿದ್ದು ಸೇದಿಸಬೇಕು.

ನೀರು ಮೇಲೆ ಬಂದ ನಂತರ ದಪ್ಪನೆಯ ಬಿಳಿ ಹತ್ತಿಬಟ್ಟೆಯನ್ನು ಎರಡು ಪದರವಾಗಿ ಮಡಿಸಿ ಪಾತ್ರೆಯ ಬಾಯಿಗೆ ಹಾಕಿ ಸೋಸಬೇಕು. ಬಟ್ಟೆಯ ಮೇಲೆ ಉಳಿದದ್ದನ್ನು ನೆಲಕ್ಕೆ ಕೊಡವಬಾರದು. ಸೋಸಿದ ನೀರನ್ನೇ ಬಟ್ಟೆಯ ಹಿಂಬದಿಯಿಂದ ಹಾಕಿ, ಆ ಸೂಕ್ಷ್ಮ ಜೀವಿಗಳನ್ನು ಅದೇ ಬಾವಿಗೆ ಮೆಲ್ಲಗೆ ಇಳಿಸಬೇಕು. ತಂದ ಜಾಗಕ್ಕೇ ಅವುಗಳನ್ನು ತಲುಪಿಸಿದಾಗ ಮಾತ್ರ ನೀರು ಸೋಸುವ ಕ್ರಿಯೆ ಪೂರ್ಣವಾಗುತ್ತದೆ. ಅಹಿಂಸೆಯ ಬಗ್ಗೆ ಕೇಳಿದ ಉಪನ್ಯಾಸಕ್ಕಿಂತ ಈ ಹತ್ತು ನಿಮಿಷದ ಕೆಲಸ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ.

ದಿಗಂಬರ ಸಂಪ್ರದಾಯದಂತೆ ಸೋಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಲವಂಗ ಮುಂತಾದವು ಹಾಕಿ ಪ್ರಾಸುಕ ಮಾಡಿದ ನೀರಿಗೆ ಎರಡು ಪ್ರಹರ ಅಥವಾ 6 ಗಂಟೆ, ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ಆದ್ದರಿಂದ ದಿನದ ತಿರುಗಾಟಕ್ಕೆ ಬೆಳಿಗ್ಗೆಯೇ ಕುದಿಸಿ ಆರಿಸಿದ ನೀರನ್ನು ಸ್ಟೀಲ್ ಬಾಟಲಿಗಳಲ್ಲಿ ಒಯ್ಯುವುದು ಸುಲಭ. ಬೇಸಿಗೆಯಲ್ಲಿ ನೀರಿನಿಂದ ಹರಡುವ ಕಾಯಿಲೆಗಳಿಂದಲೂ ಇದು ರಕ್ಷಣೆ.

ಬುತ್ತಿಯಲ್ಲಿ ಏನಿರಬೇಕು?

ಪ್ರವಾಸ ಎಂದರೆ ಚಿಪ್ಸ್, ಬಿಸ್ಕತ್ತು ಎಂಬ ರೂಢಿಯನ್ನು ಬಿಡಲು ಇದು ಒಳ್ಳೆಯ ಸಂದರ್ಭ. ಆಲೂಗೆಡ್ಡೆ ಚಿಪ್ಸ್ ಹೇಗೂ ಕಂದಮೂಲ. ಪೊಟ್ಟಣದ ತಿಂಡಿಗಳ ಹಿಟ್ಟು ಯಾವಾಗಿನದೆಂದು ತಿಳಿಯುವುದಿಲ್ಲ. ಬೀಸಿದ ಹಿಟ್ಟಿಗೆ ನಮ್ಮಲ್ಲಿ ಚಳಿಗಾಲದಲ್ಲಿ ಏಳು, ಬೇಸಿಗೆಯಲ್ಲಿ ಐದು, ಮಳೆಗಾಲದಲ್ಲಿ ಮೂರು ದಿನಗಳ ಮರ್ಯಾದೆ ಹೇಳಿದೆ. ತೇವ ಹೆಚ್ಚಿದಷ್ಟೂ ಹಿಟ್ಟಿನಲ್ಲಿ ಹುಳು, ಬೂಷ್ಟು ಬೇಗ ಹುಟ್ಟುತ್ತವೆ ಎಂಬ ಅನುಭವ ಈ ಲೆಕ್ಕದ ಹಿಂದಿದೆ.

ಹಳೆ ಮೈಸೂರು ಕಡೆಯವರಿಗೆ ಮಾವಿನಕಾಯಿ ಚಿತ್ರಾನ್ನ ಬೇಸಿಗೆಯ ಬುತ್ತಿ. ಈರುಳ್ಳಿ ಇಲ್ಲದೆಯೂ ಇಂಗು, ಸಾಸಿವೆ, ಕರಿಬೇವಿನ ಒಗ್ಗರಣೆಯಲ್ಲಿ ಅದು ರುಚಿಯಾಗಿಯೇ ಇರುತ್ತದೆ. ಉತ್ತರ ಕರ್ನಾಟಕದವರು ಜೋಳದ ರೊಟ್ಟಿ, ಹೀರೇಕಾಯಿ ಪಲ್ಯ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿಪುಡಿ ಕಟ್ಟಿಕೊಳ್ಳಬಹುದು. ಶೇಂಗಾ ಮಣ್ಣಿನೊಳಗೆ ಬೆಳೆದರೂ ಅದು ಬೇರಲ್ಲ, ಗೆಡ್ಡೆಯಲ್ಲ, ಗಿಡದ ಕಾಯಿ. ಹೀಗಾಗಿ ಬಹುತೇಕ ಮನೆಗಳಲ್ಲಿ ಬಳಸುತ್ತಾರೆ. ಕರಾವಳಿಯವರಿಗೆ ಹಲಸಿನ ಗಟ್ಟಿ, ಪುನರ್ಪುಳಿಯ ಪಾನಕ ಇದೆ. ಬಾಯಾರಿಕೆಗೆ ಬೆಲ್ಲ, ನಿಂಬೆ, ಏಲಕ್ಕಿ, ಒಣಶುಂಠಿ ಹಾಕಿದ ಪಾನಕ ಎಲ್ಲ ಕಡೆಗೂ ಹೊಂದುತ್ತದೆ. ಜೇನುತುಪ್ಪ, ಹಸಿಶುಂಠಿ ಇಲ್ಲದೆಯೂ ಪಾನಕಕ್ಕೆ ಕೊರತೆಯಾಗುವುದಿಲ್ಲ.

ಎರಡು ಕಡೆ ಮಾತ್ರ ಗಮನ ಬೇಕು. ಮೊಸರನ್ನ ಕಟ್ಟುವಾಗ ಅಭ್ಯಾಸಬಲದಿಂದ ಉದ್ದಿನಬೇಳೆ, ಕಡಲೆಬೇಳೆಯ ಒಗ್ಗರಣೆ ಹಾಕುವುದುಂಟು. ಹಸಿ ಹಾಲು, ಮೊಸರು, ಮಜ್ಜಿಗೆಯೊಂದಿಗೆ ಬೇಳೆಕಾಳು ಬೆರೆಸುವುದು ದ್ವಿದಳ ದೋಷ ಎಂದು ಪಾಲಿಸುವ ಮನೆಗಳಲ್ಲಿ ಸಾಸಿವೆ, ಜೀರಿಗೆ, ಕರಿಬೇವು ಸಾಕು. ಅದೇ ರೀತಿ ಹೆಸರುಬೇಳೆ ಕೋಸಂಬರಿಗೆ ಸೌತೆಕಾಯಿ, ಮಾವಿನಕಾಯಿ ತುರಿ, ತೆಂಗಿನತುರಿ, ನಿಂಬೆರಸ ಹಾಕಬೇಕು. ಕ್ಯಾರೆಟ್ ಬೇಡ, ಮೊಸರೂ ಬೇಡ.

ಸಂತೆಯಿಂದ ಹಣ್ಣು

ದಾರಿಯಲ್ಲಿ ಆ ದಿನ ಯಾವ ಊರಿನ ಸಂತೆ ಇದೆ ಎಂದು ತಿಳಿದುಕೊಂಡರೆ ತಿರುಗಾಟಕ್ಕೆ ಇನ್ನೊಂದು ಸೊಗಸು ಸೇರುತ್ತದೆ. ಬೆಳೆದವರ ಕೈಯಿಂದಲೇ ಹಣ್ಣು ಕೊಂಡರೆ ಅವರಿಗೂ ನಾಲ್ಕು ಕಾಸು ಹೆಚ್ಚು ಸಿಗುತ್ತದೆ, ಕೊಂಡವರಿಗೂ ತಾಜಾ ಹಣ್ಣು ಸಿಗುತ್ತದೆ. ರಾಮನಗರದ ಮಾವು ಮೊದಲು ಬರುತ್ತದೆ, ಕೋಲಾರದ ಶ್ರೀನಿವಾಸಪುರದ್ದು ಅದರ ನಂತರ. ಧಾರವಾಡದಲ್ಲಿ ಆಪೂಸು, ಅಂಕೋಲೆಯಲ್ಲಿ ಕರಿ ಇಶಾಡು, ಮಂಗಳೂರು ಕಡೆ ಮುಂಡಪ್ಪ, ಹಳೆ ಮೈಸೂರಿನಲ್ಲಿ ರಸಪುರಿ, ಬಾದಾಮಿ. ಬಯಲುಸೀಮೆಯ ದಾರಿಬದಿಯಲ್ಲಿ ತಾಟಿನಿಂಗು, ಕಲ್ಲಂಗಡಿ, ಕರಬೂಜ. ಒಂದೊಂದು ಊರಿನ ಹಣ್ಣಿಗೆ ಒಂದೊಂದು ರುಚಿ ಇದೆ ಎಂಬುದು ಅಂಗಡಿಯ ಪೆಟ್ಟಿಗೆಯಿಂದ ತಿಂದವರಿಗೆ ತಿಳಿಯುವುದಿಲ್ಲ.

ಮಾವಿನ ಹಣ್ಣನ್ನು ಇಡಿಯಾಗಿ ಕಚ್ಚದೆ, ಹೆಚ್ಚಿ ಓಟೆಯ ಸುತ್ತ ಹುಳು ಇದೆಯೇ ಎಂದು ನೋಡಿ ತಿನ್ನುವ ಪದ್ಧತಿ ಹಿರಿಯರದು. ಮಳೆ ಬಿದ್ದ ಮೇಲೆ ಹಣ್ಣಿನಲ್ಲಿ ಹುಳು ಹೆಚ್ಚುತ್ತದೆ. ಶ್ವೇತಾಂಬರ ಸಂಪ್ರದಾಯದ ಅನೇಕ ಕುಟುಂಬಗಳು ಜೂನ್ 21, 22ರ ಹೊತ್ತಿಗೆ ಬರುವ ಆರ್ದ್ರಾ ನಕ್ಷತ್ರದ ನಂತರ ಮಾವನ್ನೇ ಬಿಡುತ್ತವೆ. ನಮ್ಮ ರೈತರು ಆರಿದ್ರಾ ಮಳೆ ಎಂದು ಕರೆಯುವುದು ಇದೇ ನಕ್ಷತ್ರದ ಮಳೆಯನ್ನು. ಹಾಗಾಗಿ ಮಾವಿನ ಸಂತೋಷಕ್ಕೆ ಬೇಸಿಗೆಯೇ ಸರಿಯಾದ ಕಾಲ.

ದಾರಿಯಲ್ಲಿ ಅತ್ತಿಮರ ಕಂಡರೆ ಅಲ್ಲಿ ಒಂದು ನಿಮಿಷ ನಿಲ್ಲಬಹುದು. ಆಲ, ಅರಳಿ, ಅತ್ತಿ, ಬಸರಿ ಮುಂತಾದ ಪಂಚೋದುಂಬರ ಫಲಗಳನ್ನು ಜೈನರು ತಿನ್ನುವುದಿಲ್ಲ ಎಂದು ಮಕ್ಕಳು ಕೇಳಿರುತ್ತಾರೆ, ಏಕೆಂದು ನೋಡಿರುವುದಿಲ್ಲ. ಈ ಹಣ್ಣುಗಳ ಒಳಗೆ ಹೊಕ್ಕು ಮೊಟ್ಟೆಯಿಡುವ ಅತಿ ಸಣ್ಣ ಕಣಜಗಳಿಂದಲೇ ಇವುಗಳ ಪರಾಗಸ್ಪರ್ಶ ನಡೆಯುತ್ತದೆ. ಉದುರಿ ತಾನಾಗಿ ಒಡೆದ ಒಂದು ಅತ್ತಿಹಣ್ಣನ್ನು ಬಾಗಿ ನೋಡಿದರೆ ಒಳಗೆ ಹರಿದಾಡುವ ಜೀವಿಗಳು ಬರಿಗಣ್ಣಿಗೆ ಕಾಣುತ್ತವೆ. ಅಷ್ಟು ನೋಡಿದ ಮಗುವಿಗೆ ಮತ್ತೆ ಆ ನಿಯಮವನ್ನು ವಿವರಿಸಬೇಕಾಗುವುದಿಲ್ಲ.

ರಜೆಯೊಳಗಿನ ಎರಡು ದಿನಗಳು

ಈ ಚಿಕ್ಕ ಪಯಣಗಳಿಗೆ ದಿನ ಗೊತ್ತುಮಾಡುವಾಗ ಪಂಚಾಂಗವೂ ನೆರವಾಗುತ್ತದೆ. ವೈಶಾಖ ಶುದ್ಧ ತದಿಗೆ ಅಕ್ಷಯ ತೃತೀಯೆ. ಆದಿನಾಥ ಸ್ವಾಮಿ ಮುನಿಯಾದ ನಂತರ, ಆಹಾರದಾನದ ವಿಧಿ ತಿಳಿಯದ ಜನ ಒಡವೆ, ಆನೆ, ಕುದುರೆಗಳನ್ನು ತಂದು ಮುಂದಿಟ್ಟರೇ ಹೊರತು ಒಂದು ತುತ್ತು ಕೊಡಲಿಲ್ಲ. ಒಂದು ವರ್ಷಕ್ಕೂ ಮಿಕ್ಕಿದ ಉಪವಾಸದ ನಂತರ ಹಸ್ತಿನಾಪುರದಲ್ಲಿ ಶ್ರೇಯಾಂಸ ಪೂರ್ವಜನ್ಮದ ಸ್ಮರಣೆಯಿಂದ ವಿಧಿಯನ್ನು ಅರಿತು ಕಬ್ಬಿನ ರಸವನ್ನು ಅರ್ಪಿಸಿದ. ಆ ದಿನ ಬಸದಿಗೆ ಹೋಗಿ ಬಂದ ಮೇಲೆ ಮಕ್ಕಳಿಗೆ ಕಬ್ಬಿನ ಹಾಲು ಕುಡಿಸುತ್ತಾ ಈ ಕತೆ ಹೇಳಬಹುದು. ದಾರಿಬದಿಯ ಗಾಣದಲ್ಲಾದರೆ ಐಸ್ ಮತ್ತು ಹಸಿಶುಂಠಿ ಹಾಕದೆ, ಕಣ್ಣೆದುರು ತೊಳೆದ ಕಬ್ಬನ್ನು ಅರೆದು, ಮನೆಯಿಂದ ತಂದ ಲೋಟಕ್ಕೆ ಕೊಡುವಂತೆ ಕೇಳಬೇಕು.

ಇನ್ನೊಂದು ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿ. ಮೇ ಕೊನೆಯಲ್ಲಿ ಅಥವಾ ಜೂನ್‌ನಲ್ಲಿ ಬರುತ್ತದೆ. ಪುಷ್ಪದಂತ, ಭೂತಬಲಿ ಆಚಾರ್ಯರ ಷಟ್ಖಂಡಾಗಮ ಪೂರ್ಣಗೊಂಡು ಪೂಜೆಗೊಂಡ ದಿನ. ಅದರ ಟೀಕೆಯಾದ ಧವಲಾ ಗ್ರಂಥದ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ ಊರು ಮೂಡುಬಿದಿರೆ. ಕರಾವಳಿಯ ಕುಟುಂಬಗಳು ಆ ದಿನಗಳಲ್ಲೇ ಅಲ್ಲಿಗೆ ಹೋಗಬಹುದು. ಉಳಿದವರು ಮನೆಯ ಅಥವಾ ಊರ ಬಸದಿಯ ಹಳೆಯ ಪುಸ್ತಕಗಳನ್ನು ಹೊರತೆಗೆದು ಧೂಳು ಒರೆಸಿ, ಹೊಸ ಬಟ್ಟೆ ಸುತ್ತಿ ಇಡುವ ಕೆಲಸವನ್ನು ಮಕ್ಕಳೊಂದಿಗೆ ಮಾಡಬಹುದು. ರಜೆಗೆ ಅದೇ ಒಳ್ಳೆಯ ಮುಕ್ತಾಯ.

ಆರಂಭ ಹೇಗೆ?

ಒಂದೇ ಸಲಕ್ಕೆ ಎಲ್ಲವನ್ನೂ ಮಾಡುವ ಅಗತ್ಯವಿಲ್ಲ. ರಜೆಯಲ್ಲಿ ಏಳೆಂಟು ಭಾನುವಾರಗಳು ಸಿಗುತ್ತವೆ. ಮೂರು ಭಾನುವಾರ ಹೊರಟರೂ ಸಾಕು: ಒಂದು ಬೆಟ್ಟ, ಒಂದು ಊರಬಸದಿ, ಒಂದು ಸಂತೆ. ಹೊರಡುವ ಹಿಂದಿನ ದಿನ ಸೂರ್ಯಾಸ್ತದ ಸಮಯ ನೋಡಿಟ್ಟುಕೊಳ್ಳುವುದು ಒಬ್ಬ ಮಗುವಿನ ಹೊಣೆ, ನೀರಿನ ಬಾಟಲಿ ಎಣಿಸುವುದು ಇನ್ನೊಬ್ಬರ ಹೊಣೆ. ನಡೆಯುವಾಗ ಕಾಲಡಿಯ ಇರುವೆ ಸಾಲನ್ನು ದಾಟಿ ನಡೆಯುವುದು, ಎಲೆ ಹೂವು ಕೀಳದಿರುವುದು, ತಂದ ಪ್ಲಾಸ್ಟಿಕ್ಕನ್ನು ಮರಳಿ ಮನೆಗೆ ಒಯ್ಯುವುದು ಎಲ್ಲರ ಹೊಣೆ. ಸಂಪ್ರದಾಯದಿಂದ ಸಂಪ್ರದಾಯಕ್ಕೆ, ಮನೆಯಿಂದ ಮನೆಗೆ ಆಹಾರದ ನಿಯಮಗಳಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತದೆ. ಆಯಾ ಮನೆಯ ಹಿರಿಯರು ಹೇಳಿದಂತೆ ನಡೆದುಕೊಂಡರೆ ಆಯಿತು.

ಹೀಗೆ ಕಳೆದ ದಿನದ ಕೊನೆಗೆ ಮಗು ಬೆಟ್ಟ ಹತ್ತಿರುತ್ತದೆ, ಬಾವಿಯ ನೀರು ಸೇದಿರುತ್ತದೆ, ಮಾವು ತಿಂದಿರುತ್ತದೆ, ಸೂರ್ಯ ಮುಳುಗುವ ಮುಂಚೆ ಮನೆಯ ಊಟವನ್ನೂ ಮುಗಿಸಿರುತ್ತದೆ. ನಿಯಮ ಒಂದು ಕಡೆ, ಸಂತೋಷ ಇನ್ನೊಂದು ಕಡೆ ಎಂದು ಅದಕ್ಕೆ ಅನಿಸುವುದಿಲ್ಲ. ಆಚೆ ಊರಿನ ಬಸದಿಯಲ್ಲಿ ಒಬ್ಬರೇ ಪೂಜೆ ಮಾಡುವ ಪುರೋಹಿತರಿಗೂ ಆ ಬೆಳಿಗ್ಗೆ ಗಂಧೋದಕ ಕೊಡಲು ನಾಲ್ಕು ಜನ ಎದುರಿಗಿದ್ದರು ಎಂಬ ಸಮಾಧಾನ ಇರುತ್ತದೆ. ಮುಂದಿನ ರಜೆಯಲ್ಲಿ ‘ಮತ್ತೆ ಅಲ್ಲಿಗೇ ಹೋಗೋಣ’ ಎಂದು ಮಕ್ಕಳೇ ಕೇಳಿದರೆ ಆ ಬಸದಿಯ ಬಾಗಿಲು ಇನ್ನೊಂದು ತಲೆಮಾರಿನವರೆಗೆ ತೆರೆದಿರುತ್ತದೆ.